ಚಿತ್ರಾನ್ನ ಎರಡು

ಯಾರಾದರೂ ದೆವ್ವದ ಕತೆ, ಪವಾಡದ ಕತೆ ಶುರು ಮಾಡಿದರೆ ಕಾಫಿ ಮಾಡುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋಗುವವಳು ನಾನು. ದೆವ್ವ ಇದೆಯೋ ಇಲ್ಲವೋ ಅದು ಆಮೇಲಿನ ಮಾತು, ನನಗೆ ಮೊದಲು ಅನುಮಾನ ಬರುವುದು ಹೇಳುವವರ ಮೇಲೆ. ಇದು ಹುಟ್ಟುಗುಣ. ಅಂಗಡಿಯಲ್ಲಿ ಹಾಲು ತೆಗೆದುಕೊಳ್ಳುವಾಗಲೂ ಮುಂದಿರುವ ಡಬ್ಬ ಬಿಟ್ಟು ಹಿಂದಿನ ಸಾಲಿಗೆ ಕೈ ಹಾಕುತ್ತೇನೆ. ಅಮೆರಿಕದ ಬೆಲ್ವ್ಯೂ ಎಂಬ ಊರಿನ ಆಫೀಸಿನಲ್ಲಿ ನನ್ನ ಕೆಲಸವೂ ಅದೇ ಜಾತಿಯದು, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. "ನಿಂಗೆ ಸಂಬಳ ಕೊಡದೇ ಇದ್ರೂ ಅದೇ ಕೆಲಸ ಮಾಡ್ತಿದ್ದೆ ಬಿಡು" ಎಂದು ನನ್ನ ಗಂಡ ಸತೀಶ್ ರೇಗಿಸುತ್ತಾರೆ.

ಅಂಥ ನಾನು ಈಗ ಹೇಳಹೊರಟಿರುವುದು ಅಂಥದ್ದೇ ಒಂದು ಕತೆ, ಅದೂ ನನ್ನದೇ. ಮಧ್ಯದಲ್ಲಿ ನೀವು ಎದ್ದು ಕಾಫಿಗೆ ಹೋದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಇಷ್ಟು ಹೊತ್ತಿಗೆ ಹಾಲು ಕಾಯಲು ಇಟ್ಟಿರುತ್ತಿದ್ದೆ.

ಎರಡು ಸಾವಿರದ ಹದಿನೈದರ ಆಸುಪಾಸು. ನಾವಾಗ ಸಿಯಾಟಲ್ ಪಕ್ಕದ ರೆಂಟನ್‌ನಲ್ಲಿದ್ದೆವು. ಇವರಿಗೆ ಸೈಕಲ್ಲಿನ ಹುಚ್ಚು ಹಿಡಿದು ಕೆಲವು ವರ್ಷಗಳಾಗಿದ್ದವು. ಬೆಂಗಳೂರು, ಮೈಸೂರಿನ ಕಡೆಯ ಐದಾರು ಜನ ಸೇರಿಕೊಂಡು ಶನಿವಾರ ಬಂತೆಂದರೆ ಸಿಯಾಟಲ್ ಸುತ್ತಮುತ್ತಲಿನ ಗುಡ್ಡ, ದ್ವೀಪಗಳನ್ನೆಲ್ಲ ಸುತ್ತಿ ಬರುತ್ತಿದ್ದರು. ಇಲ್ಲಿನ ರಸ್ತೆಗಳಿಗೆ ಹೆಚ್ಚಾಗಿ ನಂಬರುಗಳೇ ಹೆಸರು, ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಈ ಗುಂಪಿನವರು ಅವತ್ತು ಬೆಳಿಗ್ಗೆ ಡಬ್ಬಿಗೆ ಏನು ತುಂಬಿಕೊಂಡು ಹೊರಟರೋ ಅದನ್ನೇ ದಾರಿಗೆ ಹೆಸರಾಗಿ ಇಡುತ್ತಿದ್ದರು. ಪುಳಿಯೋಗರೆ ದಾರಿ, ಅವಲಕ್ಕಿ ದಾರಿ, ಮೊಸರನ್ನದ ದಾರಿ. ವ್ಯಾಶನ್ ದ್ವೀಪದ ಸುತ್ತು ಚಿತ್ರಾನ್ನ.

ಇನ್ನೊಂದು ಪದ್ಧತಿಯಿತ್ತು. ಇಳಿಜಾರಿನಲ್ಲಿ ಹ್ಯಾಂಡಲ್ ಮೇಲಿನ ನಕ್ಷೆ ನೋಡುತ್ತಾ ಹೋದರೆ ಹಲ್ಲು ಉದುರುತ್ತದೆ. ಅದಕ್ಕೆ ಮೊದಲು ಹೋದವರು ದಾರಿಯನ್ನು ಫೋನಿಗೆ ಬಾಯಲ್ಲೇ ಹೇಳುತ್ತಾ ಹೋಗುವುದು, ಆಮೇಲೆ ಹೋಗುವವರು ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದನ್ನು ಕೇಳುತ್ತಾ ಹೋಗುವುದು. ಒಂದೊಂದು ತಿರುವಿಗೆ ಒಂದೊಂದು ತುಣುಕು. ತಿರುವು ದಾಟಿದ ಮೇಲೆ ವೈರಿನ ಗುಂಡಿ ಒತ್ತಿದರೆ ಮುಂದಿನ ತುಣುಕು ಬರುತ್ತದೆ. ಇವೆಲ್ಲ ಗುಂಪಿನವರೆಲ್ಲರ ಫೋನಿಗೂ ಸಿಗುವ ಹಾಗೆ ಒಂದು ಕಡೆ ತಾವಾಗಿಯೇ ಹೋಗಿ ಸೇರುತ್ತಿದ್ದವು.

ಇಲ್ಲಿನ ಉದ್ದನೆಯ ಮಳೆಗಾಲದಲ್ಲಿ ಈ ಜನ ಮನೆಯೊಳಗೆ ಕೂತು ಮೆಡಿಟರೇನಿಯನ್ ಸಮುದ್ರದ ತೀರದ ರಸ್ತೆಗಳ ಚಿತ್ರ ನೋಡುತ್ತಾ ಬಾಯಿ ಚಪ್ಪರಿಸುತ್ತಿದ್ದರು. ಕೊನೆಗೆ ಒಂದು ಸೆಪ್ಟೆಂಬರಿನಲ್ಲಿ ಇಟಲಿಯ ಸಾರ್ಡೀನಿಯಾ ದ್ವೀಪಕ್ಕೆ ಮೂವರು ಹೊರಡುವುದೆಂದಾಯಿತು. ಇಬ್ಬರು ಹಿಂದೆ ಸರಿದರು, ಇವರು ಒಬ್ಬರೇ ಹೋದರು. ಮೊದಲೆರಡು ದಿನ ಫೋನಿನಲ್ಲಿ ಇವರ ವರ್ಣನೆಯೇ ವರ್ಣನೆ. ಪ್ರವಾಸಿಗಳ ಕಾಲ ಮುಗಿದಿದೆ, ಗಂಟೆಗೊಂದು ಕಾರೂ ಬರುವುದಿಲ್ಲ, ಒಂದು ಕಡೆ ಕಲ್ಲುಗುಡ್ಡ, ಇನ್ನೊಂದು ಕಡೆ ಸಮುದ್ರ, ರಸ್ತೆಯ ತುಂಬ ಮೇಕೆಗಳು, ಗಾಳಿಗೆಲ್ಲ ಒಣಗಿದ ಸೊಪ್ಪಿನ ವಾಸನೆ. ನಾನು ಫೋನನ್ನು ಸ್ಪೀಕರಿಗೆ ಹಾಕಿ ಪಾತ್ರೆ ತೊಳೆದು ಮುಗಿಸುತ್ತಿದ್ದೆ.

ಮೂರನೆಯ ದಿನದಿಂದ ಮಾತು ನಿಂತಿತು. "ಚೆನ್ನಾಗಿದೀನಿ, ಮಲಗ್ತೀನಿ" ಅಷ್ಟೇ. ಇನ್ನೂ ಕೆಲವು ದಿನ ಬಾಕಿ ಇರುವಾಗಲೇ ಮಂಡಿ ನೋವೆಂದು ವಾಪಸ್ಸು ಬಂದುಬಿಟ್ಟರು. ಮಂಡಿಗೆ ನಾನು ಕೊಟ್ಟ ಮುಲಾಮನ್ನು ಹಚ್ಚಿಕೊಳ್ಳಲೇ ಇಲ್ಲ. ಕೊತ್ತಂಬರಿ ಸೊಪ್ಪು ತರಲು ಹೋಗಿ ಬಂದರೂ ಅರ್ಧ ಗಂಟೆ ಕತೆ ಹೇಳುವ ಮನುಷ್ಯ, ಸಮುದ್ರ ದಾಟಿ ಹೋಗಿ ಬಂದು ಬಾಯಿ ಬಿಡಲಿಲ್ಲ. ಫೋಟೋಗಳು ಮೊದಲೆರಡು ದಿನದವು ಮಾತ್ರ.

ನೀವಾದರೆ ಏನೆಂದುಕೊಳ್ಳುತ್ತಿದ್ದಿರಿ? ನಾನಂತೂ ಅದನ್ನೇ ಅಂದುಕೊಂಡೆ. ಯಾರೋ ಸಿಕ್ಕಿದ್ದಾರೆ. ಅಥವಾ ಇವರು ಅಲ್ಲಿಗೆ ಹೋಗಿಯೇ ಇಲ್ಲ. ಇವರು ಸ್ನಾನಕ್ಕೆ ಹೋದಾಗ ಪಾಸ್‌ಪೋರ್ಟ್ ತೆಗೆದು ನೋಡಿದೆ, ರೋಮ್ ವಿಮಾನ ನಿಲ್ದಾಣದ ಮುದ್ರೆ ಇತ್ತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ರೋಮ್‌ನಲ್ಲಿ ಇಳಿದ ಮೇಲೆ ಎಲ್ಲಿಗೆ ಹೋದರು ಅಂತ ಮುದ್ರೆ ಹೇಳುವುದಿಲ್ಲವಲ್ಲ. ನಾನು ಹೀಗೆ ಮುಖ ಗಂಟಿಕ್ಕಿಕೊಂಡು ಓಡಾಡುವುದನ್ನು ನೋಡಿ ಮಗಳು ಅನಘಾ, ಆಗ ಅವಳಿಗೆ ಹತ್ತು ವರ್ಷ, "ಅಮ್ಮಾ, ಹೀ ಈಸ್ ಜಸ್ಟ್ ಟಯರ್ಡ್" ಅಂದಳು. "ನಿಂಗೇನೂ ಗೊತ್ತಾಗಲ್ಲ, ಸುಮ್ನಿರು" ಎಂದು ಅವಳನ್ನೂ ಗದರಿದೆ.

ಹದಿನೈದು ವರ್ಷದ ಸಂಸಾರ ಒಳಗಿಂದೊಳಗೇ ಹುಳಿಯಾಗತೊಡಗಿತ್ತು. ನಾನು ಕೇಳುವುದು, ಇವರು ಮಂಡಿ ತೋರಿಸುವುದು. ಕೇಳಿ ಕೇಳಿ ಸಾಕಾಗಿ ಒಂದು ದಿನ, ಮುಂದಿನ ಸೆಪ್ಟೆಂಬರಿಗೆ ನಾನೂ ಬರುತ್ತೇನೆ, ಅದೇ ರಸ್ತೆಗೆ ಹೋಗೋಣ ಅಂದೆ. ಅಲ್ಲಿ ಏನಿದೆ, ಯಾರಿದ್ದಾರೆ, ಕಣ್ಣಾರೆ ನೋಡಿಬಿಡುವುದು ನನ್ನ ಉದ್ದೇಶ. ಇವರ ಮುಖ ಬಿಳಿಚಿಕೊಂಡಿತು. "ಅಲ್ಲಿ ಬೇಡ. ಬೇರೆ ಎಲ್ಲಾದ್ರೂ ಹೋಗೋಣ" ಅಂದರು. ಅಷ್ಟು ಸಾಕಾಯಿತು ನನಗೆ. ಮಾರನೆಯ ವಾರವೇ ಸೆಕೆಂಡ್ ಹ್ಯಾಂಡ್ ಸೈಕಲ್ ಕೊಂಡು ತಂದೆ.

ಏಪ್ರಿಲ್ ಹೊತ್ತಿಗೆ ಗುಡ್ಡ ಹತ್ತುವಷ್ಟು ದಮ್ಮು ಬಂದಿತ್ತು. ಒಂದು ವಾರ ಜಡಿಮಳೆ ಹೊಡೆದು ಬಿಟ್ಟ ಶನಿವಾರ, ಇವರು ಅನಘಾಳನ್ನು ಡ್ಯಾನ್ಸ್ ಕ್ಲಾಸಿಗೆ ಕರೆದುಕೊಂಡು ಹೋಗಿದ್ದಾಗ, ನಾನೊಬ್ಬಳೇ ಫೆರ್ರಿ ಹತ್ತಿ ವ್ಯಾಶನ್‌ಗೆ ಹೋದೆ. ಅದಕ್ಕೆ ಮೊದಲು ಆ ದ್ವೀಪದಲ್ಲಿ ನಾನು ಸೈಕಲ್ ಹೊಡೆದಿರಲಿಲ್ಲ. ಸೈಕಲ್ ಕೊಂಡಾಗಿನಿಂದ ಗುಂಪಿನವರ ತುಣುಕುಗಳು ನನ್ನ ಫೋನಿಗೂ ಸಿಗುತ್ತಿದ್ದವು, ಚಿತ್ರಾನ್ನದ್ದನ್ನು ಹಾಕಿಕೊಂಡೆ. ಕಿವಿಯಲ್ಲಿ ಇವರ ದನಿ. "ಫೆರ್ರಿ ಇಳಿದ ತಕ್ಷಣ ಏರು ಸಿಗತ್ರಪ್ಪಾ, ಗಾಬರಿ ಆಗ್ಬೇಡಿ, ಚಿಕ್ಕ ಗೇರಿಗೆ ಹಾಕ್ಕೊಳಿ." ಎಲ್ಲ ಸರಿಯಾಗಿತ್ತು. ಸೂಜಿ ಎಲೆಯ ಎತ್ತರದ ಫರ್ ಮರಗಳು, ಒದ್ದೆ ರಸ್ತೆ, ಬೂದು ಬಣ್ಣದ ನೀರು. ಮಧ್ಯಾಹ್ನದ ಹೊತ್ತಿಗೆ ಒಂದು ಅಂಗಡಿಯ ಹತ್ತಿರ ಇವರ ದನಿ "ಇಲ್ಲಿ ಡಬ್ಬಿ ಬಿಚ್ಚಿ" ಅಂದಿತು, ನಾನೂ ಬಿಚ್ಚಿದೆ. ಊಟವಾದ ಮೇಲೆ ಫೋನು ನೋಡಿದರೆ ಮೊದಲನೆಯದು ಮುಗಿದಿತ್ತು. ಅದರ ಕೆಳಗೇ "ಚಿತ್ರಾನ್ನ ಎರಡು" ಎಂದಿತ್ತು. ದಾರಿಯ ಎರಡನೆಯ ಭಾಗ ಇರಬೇಕೆಂದುಕೊಂಡು ಅದನ್ನು ಒತ್ತಿ ಹೊರಟೆ.

"ಅಂಗಡಿ ದಾಟಿ ಎಡಕ್ಕೆ. ಇನ್ಮೇಲೆ ಸಮುದ್ರ ಎಡಗಡೇನೇ ಇರತ್ತೆ" ಅಂದರು. ತಿರುಗಿದೆ, ನೀರು ಎಡಕ್ಕೆ ಬಂತು. ರಸ್ತೆ ಕಿರಿದಾಯಿತು. ಒಂದು ಏರು ಹತ್ತುವಷ್ಟರಲ್ಲಿ ಎಷ್ಟು ಸೆಕೆಯಾಯಿತೆಂದರೆ ಜಾಕೆಟ್ ಬಿಚ್ಚಿ ಕ್ಯಾರಿಯರಿಗೆ ಕಟ್ಟಿದೆ. "ಬಲಗಡೆ ಗುಡ್ಡದಿಂದ ನೀರು ಬೀಳತ್ತೆ, ಪೈಪ್ ಹಾಕಿದಾರೆ, ಬಾಟಲಿ ತುಂಬಿಸ್ಕೊಳಿ." ಪೈಪ್ ಇತ್ತು, ತುಂಬಿಸಿಕೊಂಡೆ. "ಮುಂದೆ ಸುಣ್ಣ ಬಳಿದ ಚಿಕ್ಕ ಚರ್ಚ್ ಇದೆ, ನೀಲಿ ಬಾಗ್ಲು, ಅಲ್ಲಿ ಬಲಕ್ಕೆ." ಇತ್ತು, ತಿರುಗಿದೆ. ಕಾರು ಒಂದೂ ಬರಲಿಲ್ಲ. ಎಷ್ಟು ಚೆನ್ನಾಗಿದೆ, ಈ ಜಾಗದ ಫೋಟೋ ಯಾಕೆ ಒಬ್ಬರೂ ತೋರಿಸಿಲ್ಲ ಅಂದುಕೊಂಡೆ. ನೀರು ಅಷ್ಟು ನೀಲಿ ಹೇಗಾಯಿತು, ಫರ್ ಮರಗಳೆಲ್ಲ ಎಲ್ಲಿ ಹೋದವು ಅಂತ ಅನುಮಾನ ಬರಬೇಕಿದ್ದ ತಲೆಗೆ ಆಗ ಬರಲಿಲ್ಲ. ಗಂಡನ ಮೇಲಿನ ಅನುಮಾನವೇ ತಲೆಯ ತುಂಬ ಇದ್ದದ್ದರಿಂದ ರಸ್ತೆಯ ಮೇಲೆ ಪಡಲು ಜಾಗ ಉಳಿದಿರಲಿಲ್ಲವೋ ಏನೋ.

ಆಮೇಲೆ ಇವರ ದನಿ ಹೇಳಿತು: "ಕಲ್ಲುಗೋಡೆ ಮೇಲೆ ಒಬ್ರು ಮುದುಕಪ್ಪ ಕೂತಿದಾರೆ. ಕೈ ಮುಗಿದೆ, ಅವ್ರೂ ಮುಗಿದ್ರು ಕಣ್ರೋ!" ಮುಂದಿನ ತಿರುವಿನಲ್ಲಿ ನಿಜಕ್ಕೂ ಒಬ್ಬ ಮುದುಕ ಗೋಡೆಯ ಮೇಲೆ ಕೂತಿದ್ದ. ಕಪ್ಪು ಟೋಪಿ. ನಾನು ಕೈ ಮುಗಿಯಲಿಲ್ಲ, ಹ್ಯಾಂಡಲ್ ಬಿಡುವಷ್ಟು ಧೈರ್ಯ ನನಗೆ ಇವತ್ತಿಗೂ ಇಲ್ಲ. ಅವನೇ ನನ್ನನ್ನು ನೋಡಿ ಎರಡೂ ಕೈ ಮುಗಿದ. ಆ ದ್ವೀಪದಲ್ಲಿ ಯೋಗ ಕಲಿಯದವರೇ ಇಲ್ಲ, ಕಂಡವರಿಗೆಲ್ಲ ನಮಸ್ತೆ ಅನ್ನುತ್ತಾರೆ ಎಂದು ಕೇಳಿದ್ದೆ. ಆದರೂ ಒಂದು ಕ್ಷಣ, ಇವನಿಗೆ ಇವರು ಚೆನ್ನಾಗಿ ಪರಿಚಯ, ಇಲ್ಲೇನೋ ಇದೆ ಅನ್ನಿಸಿತು. ಇಳಿದು ಕೇಳಿಬಿಡಲೇ ಅಂದುಕೊಂಡೆ. ಹಿಂದಿರುಗಿ ನೋಡುವಷ್ಟರಲ್ಲಿ ತಿರುವು ಅವನನ್ನು ಮರೆಮಾಡಿತ್ತು.

ಗುಡ್ಡದ ನೆತ್ತಿಯಲ್ಲಿ ಗುಂಡಿ ಒತ್ತಿದೆ. "ಇಲ್ಲಿಂದ ಇಳಿಜಾರು. ಬ್ರೇಕ್ ಬೇಡ, ಆರಾಮಾಗಿ ಬಿಡಿ" ಅಂದರು. ಬಿಟ್ಟೆ. ಸೈಕಲ್ ಕಲಿತ ಇಷ್ಟು ತಿಂಗಳಲ್ಲಿ ನಾನು ಬ್ರೇಕ್ ಹಿಡಿಯದೆ ಇಳಿದದ್ದು ಅದೇ ಮೊದಲು. ಇವರು ಫೋನು ನಿಲ್ಲಿಸುವುದನ್ನು ಮರೆತಿದ್ದರೆಂದು ಕಾಣುತ್ತದೆ, ಮಾತು ಮುಗಿದರೂ ಗಾಳಿಯ ಸದ್ದು ಬರುತ್ತಲೇ ಇತ್ತು. ಒಂದು ಕಿವಿಯಲ್ಲಿ ಇವರ ಗಾಳಿ, ಇನ್ನೊಂದು ಕಿವಿಯಲ್ಲಿ ನನ್ನ ಗಾಳಿ. ಎರಡೂ ಒಟ್ಟೊಟ್ಟಿಗೆ ಜೋರಾದವು. ಎದುರಿಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಇದ್ದಕ್ಕಿದ್ದ ಹಾಗೆ ಕಿವಿಯಲ್ಲಿ ಇವರು ಕಿರುಚಿದರು: "ನಿಲ್ಲು! ನಿಲ್ಲು, ನಿಲ್ಲು!"

ಎರಡೂ ಬ್ರೇಕ್ ಅಮುಕಿ ಹಿಡಿದೆ. ಹಿಂದಿನ ಚಕ್ರ ಜಾರಿ ಸೈಕಲ್ ಅಡ್ಡ ತಿರುಗಿತು, ನಾನು ಒಂದು ಕಾಲೂರಿ ನಿಂತೆ. ಮುಂದೆ ರಸ್ತೆ ಇರಲಿಲ್ಲ. ಗುಡ್ಡ ಕುಸಿದು ಟಾರು, ಮಣ್ಣು, ಕಲ್ಲು ಎಲ್ಲ ಒಟ್ಟಿಗೆ ನೀರಿಗೆ ಇಳಿದಿತ್ತು. ಒಂದು ಹೆಜ್ಜೆ ಮುಂದಿಟ್ಟಿದ್ದರೆ ನಾನೂ ಅಲ್ಲೇ ಇರುತ್ತಿದ್ದೆ. ಆ ವಾರದ ಮಳೆಗೆ ಆಗಷ್ಟೇ ಕುಸಿದಿರಬೇಕು, ಬೋರ್ಡ್ ಇರಲಿಲ್ಲ, ಬೇಲಿ ಇರಲಿಲ್ಲ.

ಉಸಿರು ತೆಗೆದುಕೊಳ್ಳುವ ಮೊದಲೇ ನನ್ನ ಹಿಂದೆ ಇನ್ನೊಂದು ಸೈಕಲ್ ಇಳಿದು ಬರುವುದು ಕೇಳಿಸಿತು. ಪೆಡಲ್ ತುಳಿಯದೆ ಬಿಟ್ಟಾಗ ಚಕ್ರ ಟಿಕಟಿಕ ಅನ್ನುತ್ತದಲ್ಲ, ಆ ಸದ್ದು. ಇಯರ್‌ಫೋನ್ ಇಲ್ಲದ ಕಿವಿಗೇ ಕೇಳಿಸಿತು, ಅದು ಖಂಡಿತ. ಬಹಳ ಜೋರಾಗಿ ಬರುತ್ತಿತ್ತು. ತಿರುಗಿ ನೋಡಲೂ ಸಮಯವಿರಲಿಲ್ಲ, ಇದ್ದ ಶಕ್ತಿಯನ್ನೆಲ್ಲ ಹಾಕಿ "ನಿಲ್ರೀ!" ಎಂದು ಕೂಗಿದೆ. ಯಾರೋ ಅಮೆರಿಕದವರಿಗೆ ಕನ್ನಡದಲ್ಲಿ ಯಾಕೆ ಕೂಗಿದೆನೋ ದೇವರೇ ಬಲ್ಲ. ಸದ್ದು ನಿಂತಿತು. ತಿರುಗಿ ನೋಡಿದರೆ ರಸ್ತೆ ಮೇಲಿನವರೆಗೂ ಖಾಲಿ.

ಹೆದರಿಕೆಯಾಯಿತು ಅಂತ ಹೇಳಲು ನನಗೆ ನಾಚಿಕೆಯಿಲ್ಲ. ಸೈಕಲ್ ತಳ್ಳಿಕೊಂಡೇ ಮೇಲೆ ಹತ್ತಿದೆ. ಚಳಿಯೂ ಶುರುವಾಯಿತು, ಜಾಕೆಟ್ ಹಾಕಿಕೊಂಡೆ. ವಾಪಸ್ಸು ಬರುವಾಗ ಎರಡೂ ಕಡೆ ಫರ್ ಮರಗಳಿದ್ದವು, ಮನೆಗಳ ಮುಂದೆ ಅಂಚೆ ಡಬ್ಬಗಳಿದ್ದವು. ಗೋಡೆ ಇರಲಿಲ್ಲ, ಮುದುಕನೂ ಇರಲಿಲ್ಲ. ನೀಲಿ ಬಾಗಿಲಿನ ಚರ್ಚ್ ಎಲ್ಲೂ ಸಿಗಲಿಲ್ಲ. ದಾರಿ ತಪ್ಪಿರಬೇಕು ಅಂದುಕೊಂಡೆ, ಆದರೆ ನಾನು ಬೇರೆ ಎಲ್ಲೂ ತಿರುಗದೆ ಬಂದ ದಾರಿಯಲ್ಲೇ ಹೋಗುತ್ತಿದ್ದೆ. ಅಂಗಡಿ ಮಾತ್ರ ಇದ್ದಲ್ಲೇ ಇತ್ತು. ಅಲ್ಲಿನ ಹುಡುಗಿಗೆ ರಸ್ತೆ ಕುಸಿದದ್ದನ್ನು ಹೇಳಿದೆ, ಅವಳು ಯಾರಿಗೋ ಫೋನ್ ಮಾಡಿದಳು.

ಫೆರ್ರಿಯಲ್ಲಿ ಕೂತು ಫೋನು ತೆಗೆದೆ. ಚಿತ್ರಾನ್ನ ಎರಡು ಈ ದ್ವೀಪದ್ದೇ ಅಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಸಾರ್ಡೀನಿಯಾ ಎಂದಿತ್ತು, ಇವರು ಅಲ್ಲಿದ್ದ ಮೂರನೆಯ ದಿನದ್ದು. ವ್ಯಾಶನ್ನಿನ ಉಳಿದರ್ಧ ಇನ್ನೂ ಕೆಳಗೆ "ಚಿತ್ರಾನ್ನ ವಾಪಸ್ಸು" ಎಂಬ ಹೆಸರಿನಲ್ಲಿತ್ತು. ಆ ಊರಿನಲ್ಲೂ ಬೆಳಿಗ್ಗೆ ಎದ್ದು ಚಿತ್ರಾನ್ನ ಕಲೆಸಿಕೊಂಡು ಹೊರಟಿದ್ದಾರೆ ಈ ಮಹಾನುಭಾವರು. ಕೊನೆಯ ತುಣುಕನ್ನು ಮತ್ತೆ ಹಾಕಿದೆ. ಗಾಳಿ, "ನಿಲ್ಲು" ಎಂಬ ಕಿರುಚು, ಬ್ರೇಕಿನ ಕೀರಲು ಸದ್ದು, ಕೆಳಗೆ ಎಲ್ಲೋ ನೀರಿಗೆ ಕಲ್ಲು ಬೀಳುವ ಸದ್ದು. ಆಮೇಲೆ ಬಹಳ ಹೊತ್ತು ಇವರು ಏದುಸಿರು ಬಿಡುವುದು ಮಾತ್ರ. ದೂರದಲ್ಲಿ ಮೇಕೆಗಳ ಗಂಟೆ. ಹೆಂಗಸಿನ ದನಿ ಅದರಲ್ಲಿ ಇಲ್ಲ. ನಾನು ಇದನ್ನು ಎಷ್ಟೋ ಸಲ ಕೇಳಿದ್ದೇನೆ, ಇವರದು ಬಿಟ್ಟು ಬೇರೆ ಯಾರ ದನಿಯೂ ಇಲ್ಲ.

ಮನೆಗೆ ಬಂದಾಗ ಇವರು ಊಟದ ಮೇಜಿನ ಹತ್ತಿರ ಕೂತು ಹುರುಳಿಕಾಯಿ ಮುರಿಯುತ್ತಿದ್ದರು. ಅನಘಾ ಮೇಲಿನ ಕೋಣೆಯಲ್ಲಿದ್ದಳು. ನನ್ನ ಕಡೆಯದು ಒಂದು ಮಾತನ್ನೂ ಹೇಳದೆ, "ಅಲ್ಲಿ ಮೂರನೇ ದಿನ ಏನಾಯ್ತು ಅಂತ ಇವತ್ತು ಹೇಳ್ಬಿಡಿ" ಅಂದೆ. ಮಂಡಿಯ ವಿಷಯ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ನನ್ನ ಮುಖದಲ್ಲಿ ಏನು ಕಂಡರೋ, ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

"ಸಾಯೋದ್ರಲ್ಲಿದ್ದೆ" ಅಂದರು. "ಇಳಿಜಾರು. ಬಿಸಿಲು ಕಣ್ಣಿಗೆ ಹೊಡೀತಿತ್ತು. ಹಿಂದಿನ ರಾತ್ರಿ ಮಳೆಗೆ ಗುಡ್ಡ ಕುಸಿದು ರಸ್ತೆ ಹೋಗ್ಬಿಟ್ಟಿತ್ತು, ನಂಗೆ ಕಾಣ್ಲೇ ಇಲ್ಲ. ನೀನು ಕೂಗಿದೆ."

"ನಾನಾ?"

"ನಿಲ್ರೀ ಅಂತ. ನಿಂದೇ ದನಿ. ಹಿಂದಿನಿಂದಲ್ಲ, ಮುಂದಿನಿಂದ. ಇವಳೆಲ್ಲಿಂದ ಬಂದ್ಳು ಅಂತ ತಲೆ ಎತ್ತಿ ನೋಡ್ದೆ, ರಸ್ತೆ ಇರ್ಲಿಲ್ಲ. ನಿಲ್ಲು ನಿಲ್ಲು ಅಂತ ಸೈಕಲ್‌ಗೆ ಕಿರುಚ್ಕೊಂಡು ಬ್ರೇಕ್ ಹಿಡ್ದೆ."

ನಾನು ಕುರ್ಚಿ ಎಳೆದುಕೊಂಡು ಕೂತೆ. "ಇಷ್ಟು ತಿಂಗಳು ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ನಂಬ್ತಿದ್ಯಾ ನೀನು?"

ಕೋಪದಿಂದ ಕೇಳಿದ್ದರೆ ನಾನೂ ಕೋಪ ಮಾಡಿಕೊಳ್ಳಬಹುದಿತ್ತು. ಗೊತ್ತಿದ್ದದ್ದನ್ನೇ ಕೇಳುವವರ ಹಾಗೆ ಕೇಳಿದರು. ಇವರು ಮತ್ತೆ ಹುರುಳಿಕಾಯಿ ಕೈಗೆತ್ತಿಕೊಂಡರು. ತಪ್ಪಾದ ತುಣುಕು ಹಾಕಿಕೊಂಡು ದಾರಿ ತಪ್ಪಿದೆ, ಮುಂದೆ ರಸ್ತೆ ಕುಸಿದಿತ್ತು, ಬೇಗ ವಾಪಸ್ಸು ಬಂದೆ, ಅಷ್ಟನ್ನು ಮಾತ್ರ ನಾನು ಹೇಳಿದೆ. ಇವರು ಎದ್ದು ಬಂದು ನನ್ನ ತಲೆ, ಮೊಣಕೈ, ಮಂಡಿ ಎಲ್ಲ ಮುಟ್ಟಿ ನೋಡಿದರು.

ಮುಂದಿನ ವಾರ ಇಬ್ಬರೂ ಕಾರಿನಲ್ಲಿ ಆ ದ್ವೀಪಕ್ಕೆ ಹೋದೆವು. ಕುಸಿದ ರಸ್ತೆ ಇತ್ತು, ಅಡ್ಡಲಾಗಿ ಬೇಲಿ ಹಾಕಿದ್ದರು. ದಾರಿಯುದ್ದಕ್ಕೂ ನಾನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಬಿಳಿ ಚರ್ಚ್ ಇಲ್ಲ, ಕಲ್ಲುಗೋಡೆ ಇಲ್ಲ. ಏನು ಹುಡುಕ್ತಿದೀಯ ಎಂದು ಇವರು ಕೇಳಿದರು, ಏನಿಲ್ಲ ಅಂದೆ.

ಅವತ್ತಿನಿಂದ ಎಲ್ಲ ಬಗೆಯಲ್ಲೂ ಅನುಮಾನಪಟ್ಟು ನೋಡಿದ್ದೇನೆ. ಹೊಸ ಬಿಸಿಲಿಗೆ, ಆಯಾಸಕ್ಕೆ, ಕಿವಿಯಲ್ಲಿ ಕೇಳಿದ್ದನ್ನೇ ಕಣ್ಣು ಕಂಡಿರಬಹುದು. ಹಾಗಾದರೆ ಇಳಿಜಾರು ಮುಗಿಯುವ ಜಾಗಕ್ಕೆ ಸರಿಯಾಗಿ ಆ ಕಿರುಚು ಹೇಗೆ ಬಂತು? ಅದು ಕಾಕತಾಳೀಯ ಅನ್ನೋಣ. ಸಾಯುವ ಹೊತ್ತಿನಲ್ಲಿ ಗಂಡಸಿಗೆ ಹೆಂಡತಿಯ ದನಿ ಕೇಳಿಸುವುದೂ ದೊಡ್ಡದಲ್ಲ. "ನಿಲ್ರೀ" ಎಂಬುದು ಪಕ್ಕದ ಊರಾದ ಟಕ್ವಿಲಾದ ಮಾಲಿನಲ್ಲಿ ಇವರು ದಾಪುಗಾಲು ಹಾಕಿದಾಗಲೆಲ್ಲ ನಾನು ಅನ್ನುವ ಮಾತೇ. ಇವರು ಸುಳ್ಳು ಹೇಳಿ ನನ್ನ ಬಾಯಿ ಮುಚ್ಚಿಸಿದರೋ ಎಂದೂ ಯೋಚಿಸಿದೆ, ಮುಚ್ಚಿಡುವುದಿಲ್ಲ. ಆದರೆ ಸುಳ್ಳು ಹೇಳುವವರು, ನಾನು ಕೂಗಿದ ಅದೇ ಮಾತನ್ನು, ಅದೂ ಮುಂದಿನಿಂದ ಕೇಳಿಸಿತು ಅಂತ, ಯಾಕೆ ಹೇಳಬೇಕು? ಕುಸಿದ ರಸ್ತೆಯ ಅಂಚಿನಲ್ಲಿ ನಾನು ನಿಂತಿದ್ದೆ. ಬಂದ ಸೈಕಲ್ ನನ್ನ ಹಿಂದಿತ್ತು. ಅದರ ಮೇಲಿದ್ದವರಿಗೆ ನಾನು ಮುಂದೆಯೇ ಅಲ್ಲವೇ?

ಎಷ್ಟೋ ವರ್ಷಗಳಾದವು. ನನ್ನ ಗಂಡ ಅಲ್ಲಿ ಯಾರನ್ನೋ ಕಂಡಿದ್ದರೆಂಬ ಅನುಮಾನ ಅವತ್ತೇ ಹೋಯಿತು, ಸಂಸಾರ ಸರಿಯಾಯಿತು. ಸಾರ್ಡೀನಿಯಾಕ್ಕೆ ನಾವು ಹೋಗಲಿಲ್ಲ. ನೀವು ಇದನ್ನು ಓದುತ್ತಿದ್ದೀರಿ, ಇವರು ಓದುವುದಿಲ್ಲ. ಕನ್ನಡದಲ್ಲಿ ಇವರು ಓದುವುದು ಮದುವೆ ಪತ್ರಿಕೆಗಳನ್ನು ಮಾತ್ರ. ಹಾಗಾಗಿ ಧೈರ್ಯವಾಗಿ ಬರೆದಿದ್ದೇನೆ. ಆ ಅಂಚಿನಲ್ಲಿ ನಿಂತು ನಾನು ಕೂಗಿದ್ದನ್ನು ಇವರಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ ಒಂದು ಪ್ರಶ್ನೆಯನ್ನೂ ಕೇಳದೆ ನಂಬಿಬಿಡುತ್ತಾರೆ. ಆಮೇಲೆ ಅನುಮಾನ ಪಡಲು ಮನೆಯಲ್ಲಿ ನಾನೊಬ್ಬಳೇ ಉಳಿಯುತ್ತೇನೆ.